ದೊರೆಸಾನಿಯ ಬೇಜಾರು

"ಯಾರ್ರೀ ಅದು ಕನ್ನಡಿ ಹಿಡಿದಿದ್ದು?"

ಕನ್ನಡಕದ ಅಂಗಡಿಯ ಗಾಜಿನ ಬಾಗಿಲು ಅಷ್ಟು ಜೋರಾಗಿ ತೆರೆದುಕೊಂಡಿದ್ದು ಅದೇ ಮೊದಲು. ಗೋಡೆಯ ಮೇಲಿನ ಅಕ್ಷರಗಳನ್ನು ತಡವರಿಸುತ್ತಾ ಓದುತ್ತಿದ್ದ ಅಜ್ಜನೊಬ್ಬ ಓದು ನಿಲ್ಲಿಸಿ ತಿರುಗಿದ.

ಬಾಗಿಲಲ್ಲಿ ಎದುರುಮನೆಯವಳು! ಕೂದಲಲ್ಲಿ ಬಿಳಿ ಪುಡಿ, ಏಪ್ರನ್ ಮೇಲೆ ಗುಲಾಬಿ ಮೇಣ, ಕಣ್ಣಲ್ಲಿ ಕೆಂಡ.

ಕೌಂಟರಿನ ಹಿಂದೆ ನಿಂತಿದ್ದವನ ಕೈಯಲ್ಲಿ ಆ ಕನ್ನಡಿ ಇನ್ನೂ ಇತ್ತು. ಗಿರಾಕಿಗಳು ಹೊಸ ಫ್ರೇಮ್ ಹಾಕಿಕೊಂಡು ತಮ್ಮ ಚಂದ ತಾವೇ ನೋಡಿ ಮೆಚ್ಚಿಕೊಳ್ಳುವ ದುಂಡು ಕನ್ನಡಿ.

"ನಾನೇ..." ಎಂದ ಅವನು.

"ಒಪ್ಕೋತಿದೀರಾ! ನಾಚಿಕೆ ಆಗಲ್ವಾ? ಒಂಟಿ ಹೆಂಗಸಿನ ಮನೆಗೆ, ಅದೂ ಮಲಗೋ ಕೋಣೆಗೆ, ಹಾಡಹಗಲೇ ಬೆಳಕು ಬಿಡೋದು! ಊರಿಗೆಲ್ಲ ಕಣ್ಣು ಸರಿ ಮಾಡ್ತೀರಿ, ನಿಮ್ಮ ಕಣ್ಣು ಮಾತ್ರ ಕಂಡೋರ ಕಿಟಕಿ ಮೇಲೆ!"

"ಅಯ್ಯೋ, ನಿಮಗಲ್ಲ ರೀ... ಬೆಕ್ಕಿಗೆ!"

"ಏನು?"

"ಬೆಳಕು ಬಿಟ್ಟಿದ್ದು ನಿಮ್ಮ ಬೆಕ್ಕಿಗೆ. ನೀವು ಮನೇಲಿದ್ದೀರ ಅಂತ ನನಗೇನು ಗೊತ್ತು? ಹಗಲು ಹೊತ್ತು ನೀವು ಇರೋದೇ ಇಲ್ವಲ್ಲ!"

"ಓಹೋ! ಯಾವಾಗ ಇರ್ತೀನಿ, ಯಾವಾಗ ಇರಲ್ಲ, ಅದೆಲ್ಲ ನೋಡ್ಕೊಂಡೇ ಇದ್ದೀರಾ?"

"ಮಗಾ," ಅಜ್ಜ ನಡುವೆ ಬಾಯಿ ಹಾಕಿದ, "ಕೆಳಗಿನ ಸಾಲು ಈಗ ಓದ್ಲಾ, ಜಗಳ ಮುಗಿದ ಮೇಲೆ ಓದ್ಲಾ?"

ಕನ್ನಡಕದವನು ಅಜ್ಜನಿಗೆ ಕೂರಲು ಸನ್ನೆ ಮಾಡಿ, ಕನ್ನಡಿಯನ್ನು ಬೋರಲು ಹಾಕಿ, ತಲೆ ತಗ್ಗಿಸಿಕೊಂಡೇ ಹೇಳಿದ. "ದಿನಾ ಕಿಟಕೀಲಿ ಕೂತು ಹೊಟ್ಟೆ ನೆಕ್ಕೋದೇ ಅದಕ್ಕೆ ಕೆಲಸ. ನೆಕ್ಕಿ ನೆಕ್ಕಿ ಬೋಳು ಮಾಡ್ಕೊಂಡಿದೆ. ನೋಡೋಕಾಗದೆ ಬೆಳಕು ಆಡಿಸ್ದೆ, ಅದರ ಹಿಂದೆ ಓಡುತ್ತೆ ಅಂತ... ನೀವು ನೋಡಿಲ್ವಾ?"

ನೀವು ನೋಡಿಲ್ವಾ?

ಇಷ್ಟು ಹೊತ್ತು ಅವಳ ಬಾಯಲ್ಲಿ ಸಾಲುಗಟ್ಟಿ ನಿಂತಿದ್ದ ಬೈಗುಳಗಳೆಲ್ಲ ಎಲ್ಲಿ ಹೋದವೋ! "ಇನ್ನೊಂದು ಸಲ ಕನ್ನಡಿ ಮುಟ್ಟಿದ್ರೆ ಅಷ್ಟೇ!" ಎಂದಷ್ಟೇ ಒದರಿ, ರಸ್ತೆ ದಾಟಿ, ಮೆಟ್ಟಿಲು ಹತ್ತಿ ಮನೆ ಸೇರಿಕೊಂಡಳು.

ದೊರೆಸಾನಿ ಕಿಟಕಿಯಲ್ಲೇ ಇದ್ದಳು. ಬೂದು ಬಣ್ಣದ ಬೆಕ್ಕು, ನಡಿಗೆಯಲ್ಲಿ ಗತ್ತು, ಮುಖದಲ್ಲಿ ಸದಾ ಇಡೀ ಮನೆ ತನ್ನದೇ ಎಂಬ ಭಾವ. ಅವಳು ಮೆಲ್ಲಗೆ ಅದನ್ನು ಎತ್ತಿ ಅಂಗಾತ ಮಾಡಿದಳು.

ಹೊಟ್ಟೆಯ ಮೇಲೆ ಕೂದಲೇ ಇರಲಿಲ್ಲ. ತೆಳು ಗುಲಾಬಿ ಚರ್ಮ... ಲ್ಯಾಬಿನಲ್ಲಿ ಅವಳು ದಿನವಿಡೀ ಮಾಡುವ ನಕಲಿ ಒಸಡಿನ ಬಣ್ಣ!

ಹಲ್ಲಿನ ಸೆಟ್ ಮಾಡುವುದು ಅವಳ ಕಸುಬು. ಮುಖವನ್ನೇ ನೋಡಿರದ ಅದೆಷ್ಟೋ ಜನರಿಗೆ ನಗು ಕೆತ್ತಿ ಕಳಿಸುತ್ತಾಳೆ, ತನಗೆ ಮಾತ್ರ ನಗಲು ಪುರುಸೊತ್ತಿಲ್ಲ. ಅಂದು ಲ್ಯಾಬಿನಲ್ಲಿ ಕರೆಂಟು ಕೈಕೊಟ್ಟಿತು, ಬೇಗ ಬಂದಳು. ಇಲ್ಲದಿದ್ದರೆ ಗೋಡೆಯ ಮೇಲೆ ಕುಣಿಯುವ ಬೆಳಕೂ ಕಾಣುತ್ತಿರಲಿಲ್ಲ, ಈ ಹೊಟ್ಟೆಯೂ ಕಾಣುತ್ತಿರಲಿಲ್ಲ.

'ಯಾರದೋ ಬಾಯಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ಹಿಡೀತೀನಿ. ನನ್ನ ಮಡಿಲಲ್ಲೇ ಮಲಗೋಳ ಕೂದಲು ಹೋಗಿದ್ದು ಕಾಣಲಿಲ್ಲ...'

ಕಣ್ಣು ತುಂಬಿ ಬಂತು. ದೊರೆಸಾನಿ ಅವಳ ಗಲ್ಲವನ್ನು ಮೂಸಿ, ಮತ್ತೆ ತನ್ನ ಹೊಟ್ಟೆ ನೆಕ್ಕತೊಡಗಿದಳು.

*

ಪ್ರಾಣಿಗಳ ಡಾಕ್ಟ್ರಮ್ಮ ದೊರೆಸಾನಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ರಕ್ತ ತೆಗೆದರು, ಚರ್ಮ ಕೆರೆದು ನೋಡಿದರು, ಆಮೇಲೆ ಕೈಗವಸು ಕಳಚುತ್ತಾ ಹೇಳಿದರು.

"ಚಿಗಟ ಇಲ್ಲ, ಅಲರ್ಜಿ ಇಲ್ಲ, ಒಳಗೇನೂ ನೋವಿಲ್ಲ. ಬೇಜಾರು."

"ಬೆಕ್ಕಿಗೆ ಬೇಜಾರಾ? ಹೊತ್ತುಹೊತ್ತಿಗೆ ಊಟ, ಬೇಕಾದಷ್ಟು ನಿದ್ದೆ..."

"ನಿಮ್ಮನ್ನ ಒಂದು ಕೋಣೇಲಿ ಕೂಡಿಹಾಕಿ ಹೊತ್ತುಹೊತ್ತಿಗೆ ಊಟ ಕೊಟ್ರೆ ಅದಕ್ಕೆ ಏನಂತಾರಮ್ಮ?"

"...ಜೈಲು."

"ಹ್ಞಾಂ. ಈಗ ಹೇಳಿ. ಎಚ್ಚರ ಇದ್ರೂ ಎದ್ದೇಳೋಕೆ ಮನಸ್ಸಿಲ್ಲದವಳ ಹಾಗೆ ಬಿದ್ದಿರ್ತಾಳಾ? ಹಸಿವಿಲ್ಲದೇ ಇದ್ರೂ ತಿಂತಾಳಾ? ಸುಮ್ಮಸುಮ್ಮನೆ ಸಾಮಾನು ಬೀಳಿಸ್ತಾಳಾ? ಬಾಗಿಲು ತೆಗೆದ ತಕ್ಷಣ ಕಾಲಿಗೆ ಬಾಯಿ ಹಾಕ್ತಾಳಾ?"

ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಆಡಿಸುತ್ತಾ ಆಡಿಸುತ್ತಾ ತಟ್ಟನೆ ಹೊಳೆಯಿತು. ಕಾಲಿಗೆ ಬಾಯಿ ಹಾಕುವುದೊಂದು ಬಿಟ್ಟರೆ ಮಿಕ್ಕ ಲಕ್ಷಣಗಳೆಲ್ಲ ತನಗೂ ಇವೆಯಲ್ಲ!

"ಇದಕ್ಕೆ ಮಾತ್ರೆ ಇಲ್ವಾ ಡಾಕ್ಟ್ರೆ?"

"ಇದ್ದಿದ್ರೆ ಮೊದಲು ನಾನೇ ನುಂಗ್ತಿದ್ದೆ."

ಔಷಧಿ ಬೇರೆಯೇ ಇತ್ತು. ಊಟವನ್ನು ಬಟ್ಟಲಿಗೆ ಸುರಿಯದೆ ಪೆಟ್ಟಿಗೆಗಳಲ್ಲಿ, ಕಾಗದದ ಉಂಡೆಗಳಲ್ಲಿ ಬಚ್ಚಿಡಬೇಕು, ಹುಡುಕಿ ತಿನ್ನಲಿ. ಹತ್ತಲು ಎತ್ತರದ ಜಾಗ ಬೇಕು. ಆಟಿಕೆ ಆಗಾಗ ಬದಲಾಗಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ದಿನವೂ ಯಾರಾದರೂ ಕೂತು ಆಡಿಸಬೇಕು.

"ಎದುರಂಗಡಿಯವರು ಕನ್ನಡೀಲಿ ಬೆಳಕು ಬಿಟ್ಟು ಆಡಿಸ್ತಿದ್ರು..."

"ಬರೀ ಬೆಳಕು ಬೇಡ. ಓಡುತ್ತೆ, ಹಾರುತ್ತೆ, ಕೊನೆಗೆ ಪಂಜಕ್ಕೆ ಏನೂ ಸಿಗಲ್ಲ. ಅದರಿಂದ ಇನ್ನಷ್ಟು ತಳಮಳ. ಬೇಟೆ ಅಂದ್ಮೇಲೆ ಕೊನೇಲಿ ಏನಾದ್ರೂ ಕೈಗೆ ಸಿಗಬೇಕು." ಡಾಕ್ಟ್ರಮ್ಮ ದನಿ ಇಳಿಸಿದರು. "ಮುಂದಿನ ಸಲ ಬರೋ ಹೊತ್ತಿಗೆ ಕೂದಲು ಬರದೇ ಇದ್ರೆ, ಜನ ಇರೋ ಮನೆಗೆ ಕೊಡೋದು ವಾಸಿ."

ಆ ಮಾತು ಅಕ್ಕನ ಕಿವಿಗೆ ಬಿದ್ದಿದ್ದೇ ತಡ, ಫೋನಿನಲ್ಲಿ ತೀರ್ಪು ಬಂತು.

"ನಮ್ಮನೆಗೇ ಕಳಿಸು ಪುಟ್ಟಿ! ಮಕ್ಕಳಿದ್ದಾವೆ, ಅತ್ತೆ ಇದ್ದಾರೆ, ಆಡಿಸೋಕೆ ನಿಮ್ಮ ಭಾವ ಅಂತೂ ಹುಟ್ಟಾ ಖಾಲಿ. ಅದಕ್ಕಾದ್ರೂ ಸಂಸಾರ ಸಿಗಲಿ. ನಿನಗಂತೂ ಬೇಡ ಅಂತೀಯ!"

"ನಾನೇ ನೋಡ್ಕೋತೀನಿ ಅಕ್ಕ."

"ಹ್ಞೂ, ನೋಡ್ಕೊಂಡಿರೋದು ಕಾಣ್ತಾನೇ ಇದೆ."

ಫೋನಿಟ್ಟ ಮೇಲೆ ಮನೆ ಇದ್ದಕ್ಕಿದ್ದಂತೆ ದೊಡ್ಡದಾಯಿತು. ಈ ಬೂದು ಉಂಡೆಯೂ ಹೋದರೆ ಈ ಗೋಡೆಗಳ ನಡುವೆ ಉಸಿರಾಡುವವಳು ತಾನೊಬ್ಬಳೇ...

*

ಅವಳು ಹಟ ತೊಟ್ಟಳು. ಬೆಳಿಗ್ಗೆ ಆಡಿಸಿದಳು, ಸಂಜೆ ಆಡಿಸಿದಳು. ಮನೆಯ ತುಂಬ ರಟ್ಟಿನ ಪೆಟ್ಟಿಗೆಗಳು. ಯಾರಾದರೂ ನೋಡಿದ್ದರೆ ಮನೆ ಖಾಲಿ ಮಾಡುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು. ಆದರೂ ಸಂಜೆ ಬಂದು ನೋಡಿದರೆ ಹೊಟ್ಟೆಯ ಮೇಲೆ ಹೊಸದಾಗಿ ನೆಕ್ಕಿದ ಒದ್ದೆ. ಇಡೀ ಹಗಲು ಇನ್ನೂ ಹಾಗೇ ಖಾಲಿ ಬಿದ್ದಿತ್ತು.

ಎದುರಂಗಡಿಯ ಗಾಜಿಗೆ ಈಗ ಪರದೆ ಬಂದಿತ್ತು. ದೊರೆಸಾನಿ ಆ ಪರದೆಯನ್ನೇ ನೋಡುತ್ತಾ ಕೂರುತ್ತಿದ್ದಳು. ಕೆಲಸಕ್ಕೆ ಹೊರಡುವಾಗ, ಬರುವಾಗ, ಅವಳೂ ನೋಡುತ್ತಿದ್ದಳು. 'ನಾನ್ಯಾಕೆ ನೋಡ್ಲಿ?' ಎಂದುಕೊಂಡೇ ನೋಡುತ್ತಿದ್ದಳು!

ಒಂದು ಮುಂಜಾನೆ ತಡೆಯಲಾಗದೆ ಅಂಗಡಿಗೆ ಹೋದಳು. ಈ ಸಲ ಬಾಗಿಲಿಗೆ ಏಟು ಬೀಳಲಿಲ್ಲ.

ಡಾಕ್ಟ್ರಮ್ಮನ ಮಾತೆಲ್ಲ ಕೇಳಿ ಅವನ ಮುಖ ಸಣ್ಣಗಾಯಿತು. "ಹಾಗಾದ್ರೆ ನಾನೇ ಕೆಡಿಸಿದೆ ಅನ್ನಿ."

"ಹಾಗಲ್ಲ... ನೀವು ನೋಡಿದ್ರಿ. ನಾನು ನೋಡಿರಲಿಲ್ಲ. ಅವತ್ತು ಅಷ್ಟು ಕೂಗಿದ್ದಕ್ಕೆ..."

"ಬಿಡಿ, ಅಜ್ಜನ ಕಿವಿ ಪರೀಕ್ಷೆನೂ ಆಯ್ತು."

ಅವಳಿಗೆ ನಗು ಬಂದುಬಿಟ್ಟಿತು. ನಕ್ಕು ಎಷ್ಟು ಕಾಲವಾಗಿತ್ತೋ, ದವಡೆಗೇ ಗಾಬರಿಯಾಗಿರಬೇಕು!

ಅವನು ಲೆನ್ಸೊಂದನ್ನು ಸುಮ್ಮನೆ ಒರೆಸುತ್ತಾ ಹೇಳಿದ. "ನಿಜ ಹೇಳ್ಬೇಕಂದ್ರೆ ಬೇಜಾರು ನನಗೇ ಇತ್ತು ರೀ. ಬರೋರೆಲ್ಲ ನನ್ನ ಮುಖದ ಮುಂದೆ ಕೂತು ಕನ್ನಡಿ ನೋಡ್ಕೋತಾರೆ. ನನ್ನ ಯಾರೂ ನೋಡಲ್ಲ. ಶೆಟರ್ ಎತ್ತಿದ ತಕ್ಷಣ 'ಬಂದ' ಅಂತ ಕಿವಿ ನಿಮಿರಿಸ್ತಿದ್ದ ಜೀವ ಅದೊಂದೇ."

ಅವಳು ಬ್ಯಾಗಿನಿಂದ ಮನೆಯ ಇನ್ನೊಂದು ಬೀಗದ ಕೈ ತೆಗೆದು ಕೌಂಟರ್ ಮೇಲಿಟ್ಟಳು.

"ಮಧ್ಯಾಹ್ನ ಅಂಗಡಿ ಮುಚ್ತೀರಲ್ಲ... ಆಗ ಅವಳನ್ನ ಸ್ವಲ್ಪ ಆಡಿಸ್ತೀರಾ?"

"ನಿಮ್ಮ ಮನೇಲಾ? ನೀವು ಇಲ್ಲದಾಗ? ಅವತ್ತು ಬರೀ ಬೆಳಕು ಬಂದಿದ್ದಕ್ಕೇ..."

"ಬೆಳಕು ಹೇಳದೆ ಬಂದಿತ್ತು. ನಿಮ್ಮನ್ನ ನಾನು ಕರೀತಿದೀನಿ."

*

ಕನ್ನಡಕಕ್ಕೆ ಕಟ್ಟುವ ದಾರದ ತುದಿಗೆ ಹಕ್ಕಿಗರಿ ಸಿಕ್ಕಿಸಿದ್ದು ಅವನ ಮೊದಲ ಆವಿಷ್ಕಾರ. ಮಂಚದ ಕೆಳಗೆ ಒಂದು ಸುತ್ತು, ಪೆಟ್ಟಿಗೆಗಳ ಮೇಲೊಂದು ಸುತ್ತು, ಕೊನೆಗೆ ಗರಿ ಪಂಜಕ್ಕೆ ಸಿಗಲೇಬೇಕು, ಸಿಕ್ಕ ಕೂಡಲೇ ಊಟ.

ದೊರೆಸಾನಿ ಬದಲಾದಳು. ಸಾಮಾನು ಬೀಳುವುದು ನಿಂತಿತು. ನೆಕ್ಕುವುದು ಕಮ್ಮಿಯಾಯಿತು. ಬೋಳು ಹೊಟ್ಟೆಯ ಮೇಲೆ ಮೆಲ್ಲಗೆ ಬೂದು ನವಿರು ಮೂಡಿತು.

ಅವಳಿಗೆ ಸಂತೋಷ ಆಗಬೇಕಿತ್ತು. ಆಯಿತು ಕೂಡ. ಆದರೆ...

ಸಂಜೆ ಬಾಗಿಲು ತೆರೆದರೆ ಕುರ್ಚಿ ಜರುಗಿರುತ್ತಿತ್ತು. ನೆಲದ ಚಾಪೆಯಲ್ಲಿ ಯಾರೋ ಕೂತೆದ್ದ ಸುಕ್ಕು. ದೊರೆಸಾನಿ ಆಡಿ ದಣಿದು ಸುಖವಾಗಿ ಮಲಗಿರುತ್ತಿದ್ದಳು. ಇದೇ ಕೋಣೆಯಲ್ಲಿ ಇವತ್ತು ಯಾರೋ ನಕ್ಕಿದ್ದಾರೆ, ಯಾರೋ ಮಾತಾಡಿದ್ದಾರೆ... ತಾನಿಲ್ಲದಾಗ!

'ನಮ್ಮನೆಗೂ ಜನ ಬರ್ತಾರೆ. ನಾನೊಬ್ಬಳು ಇರಬಾರದು, ಅಷ್ಟೇ.'

ಚಾಪೆಯ ಸುಕ್ಕನ್ನು ಸರಿಮಾಡಲು ಬಾಗಿದವಳು, ಯಾಕೋ ಹಾಗೇ ಬಿಟ್ಟು ಪಕ್ಕದಲ್ಲಿ ಕೂತಳು. ಹಾಗೇ ಕೂತೇ ಊಟ ಮಾಡಿದಳು.

*

ಅಕ್ಕನಿಗೆ ಹೇಳಿ ಬರುವ ಅಭ್ಯಾಸವಿಲ್ಲ. ಬುಟ್ಟಿ ಹಿಡಿದು, ತನ್ನ ಹತ್ತಿರವಿದ್ದ ಬೀಗದ ಕೈಯಿಂದ ಬಾಗಿಲು ತೆರೆದು ಒಳಗೆ ಕಾಲಿಟ್ಟರೆ, ಮಂಚದ ಕೆಳಗಿಂದ ಗಂಡಸಿನ ಕಾಲುಗಳೆರಡು ಹೊರಗೆ ಚಾಚಿವೆ!

"ಕಳ್ಳ! ಕಳ್ಳ!"

"ಕಳ್ಳ ಅಲ್ಲಮ್ಮ... ಕನ್ನಡಕ!"

ಅಕ್ಕನ ಫೋನು ಹೋಗಿ ತಂಗಿ ಲ್ಯಾಬಿನಿಂದ ಓಡಿ ಬರುವಷ್ಟರಲ್ಲಿ ಮೆಟ್ಟಿಲ ತುಂಬ ಅಕ್ಕಪಕ್ಕದವರು. ಅಕ್ಕ ಪೊರಕೆ ಹಿಡಿದಿದ್ದಳು. ಅವನು ಮೈತುಂಬ ಧೂಳು ಹೊತ್ತು ಬಾಗಿಲಲ್ಲಿ ನಿಂತಿದ್ದ. ತಂಗಿ ಏದುಸಿರಿನಲ್ಲೇ ಎಲ್ಲ ಹೇಳಿದಳು. ಜನ ನಂಬಿದರೋ ಇಲ್ಲವೋ, ಕೆಳಮನೆಯಾಕೆ ಮಾತ್ರ "ಬೆಕ್ಕಿಗಂತೆ!" ಎಂದು ಉದ್ದಕ್ಕೆ ರಾಗ ಎಳೆದಳು.

ಅವನ ಮುಖ ಕಪ್ಪಿಟ್ಟಿತು. ಬೀಗದ ಕೈಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ನನ್ನಿಂದ ನಿಮಗೆ ಮಾತು ಬರೋದು ಬೇಡ."

ಅವನು ಹೊರಟುಹೋದ.

ಜನ ಚದುರಿದ ಮೇಲೆ ಅಕ್ಕ ಪೊರಕೆ ಕೆಳಗಿಟ್ಟು ದೊರೆಸಾನಿಯ ಹೊಟ್ಟೆ ಸವರಿ ನೋಡಿದಳು. "ಪರವಾಗಿಲ್ಲ, ಚಿಗುರಿದೆ. ಆದರೆ ನಾಳೆಯಿಂದ ಯಾರು ಆಡಿಸ್ತಾರೆ? ಮತ್ತೆ ಬೋಳಾಗುತ್ತೆ. ಬುಟ್ಟಿಗೆ ಹಾಕು ಪುಟ್ಟಿ, ಕರ್ಕೊಂಡು ಹೋಗ್ತೀನಿ."

ಅವಳು ಬೆಕ್ಕನ್ನು ಎದೆಗವಚಿಕೊಂಡಳು. ಕಣ್ಣೀರು ಅದರ ಬೆನ್ನ ಮೇಲೆ ಬಿತ್ತು.

"ಅಳ್ತಿದೀಯಾ? ಬೆಕ್ಕಿಗಾ?"

ಅಕ್ಕ ತಂಗಿಯ ಮುಖವನ್ನು ನೋಡಿದಳು, ಮೇಜಿನ ಮೇಲಿದ್ದ ಬೀಗದ ಕೈಯನ್ನು ನೋಡಿದಳು, ಮತ್ತೆ ತಂಗಿಯನ್ನು ನೋಡಿದಳು. ಬುಟ್ಟಿಯನ್ನು ಕಾಲಲ್ಲಿ ಪಕ್ಕಕ್ಕೆ ತಳ್ಳಿದಳು.

"ಅಯ್ಯೋ ನನ್ನ ಮಂಕೆ! ನಿಂತ್ಕೊಂಡು ಏನ್ ಮಾಡ್ತಿದೀಯ? ಕೊಡು ಇಲ್ಲಿ ಬೆಕ್ಕನ್ನ. ಹೋಗು!"

*

ಮಧ್ಯಾಹ್ನದ ಮೇಲೆ ತೆರೆದ ಅಂಗಡಿಯ ಶೆಟರನ್ನು ಅವನು ಮತ್ತೆ ಎಳೆಯುತ್ತಿದ್ದ. ಅರ್ಧಕ್ಕೆ ಬಂದಾಗ ಕೆಳಗೆ ಅವಳ ಚಪ್ಪಲಿ ಕಾಣಿಸಿತು. ಮತ್ತೆ ಮೇಲೆತ್ತಿದ.

"ದೊರೆಸಾನಿನ ಬೇರೆ ಮನೆಗೆ ಕಳಿಸಬೇಡಿ," ಎಂದ ಅವಸರದಲ್ಲಿ. "ಬೇಕಾದ್ರೆ ಇಲ್ಲಿಗೇ ತಂದು ಬಿಡಿ, ಅಂಗಡೀಲೇ ಇಟ್ಕೋತೀನಿ. ನಾನು ನಿಮ್ಮ ಮನೆಗೆ ಬರೋದೇ ಬೇಡ, ಯಾರೂ ಏನೂ ಅನ್ನೋ ಹಾಗಿಲ್ಲ..."

"ನಾನು ಬೆಕ್ಕಿನ ವಿಷಯಕ್ಕೆ ಬಂದಿಲ್ಲ."

ಅವನು ಶೆಟರಿನಿಂದ ಕೈ ತೆಗೆದ.

"ನೀವು ಬಂದು ಹೋದ ಮನೆಗೆ ನಾನು ಬರ್ತೀನಿ. ನೀವು ಕೂತೆದ್ದ ಜಾಗದ ಪಕ್ಕ ಕೂತ್ಕೋತೀನಿ. ಅಷ್ಟೇ ನನಗೆ ಸಿಗೋದು." ಅವಳ ದನಿ ಒಡೆಯಿತು. "ಎಷ್ಟೋ ವರ್ಷದಿಂದ ನನ್ನ ಬಾಗಿಲು ನಾನೇ ತೆಗೀತಿದೀನಿ ರೀ. ಒಂದು ದಿನ... ಒಂದೇ ಒಂದು ದಿನ ನಾನು ಬೆಲ್ ಒತ್ತಬೇಕು. ಒಳಗಿಂದ ಯಾರಾದ್ರೂ ಬಂದು ತೆಗೀಬೇಕು."

ರಸ್ತೆಯಲ್ಲಿ ಬಸ್ಸೊಂದು ಹಾದುಹೋಯಿತು.

"ಯಾರಾದ್ರೂ ಅಂದ್ರೆ?" ಕೇಳಿದ, ತೀರ ಮೆಲ್ಲಗೆ.

"ನೀವು."

ಅವನು ಕಣ್ಣು ಕಿರಿದು ಮಾಡಿ ಬೇರೆ ಕಡೆ ನೋಡಿದ. ಕಣ್ಣಿನ ಕಸುಬಿನವನಿಗೆ ತನ್ನ ಕಣ್ಣನ್ನೇ ಏನು ಮಾಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಅಂಗಿಯ ತೋಳಿನಿಂದ ಒರೆಸಿಕೊಂಡ.

"ತೆಗೆದು... ಏನನ್ಲಿ?"

"ಏನಾದ್ರೂ ಅನ್ನಿ. ಬೈದ್ರೂ ಸಾಕು."

ಅವನು ಶೆಟರನ್ನು ಪೂರ್ತಿ ಮೇಲಕ್ಕೆ ತಳ್ಳಿದ. ಗಾಜಿನ ಬಾಗಿಲಿನ ಒಳಗೆ ಹೋಗಿ ಅದನ್ನು ಮುಚ್ಚಿಕೊಂಡ. ಅವಳು ಗಾಬರಿಯಿಂದ ನೋಡುತ್ತಿರುವಾಗಲೇ, ಒಳಗಿಂದ ಬಾಗಿಲನ್ನು ಮೆಲ್ಲಗೆ, ಪೂರ್ತಿಯಾಗಿ ತೆರೆದು, ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ಯಾಕ್ರೀ ಇಷ್ಟು ತಡ?"

ಅಳುವೂ ನಗುವೂ ಒಟ್ಟಿಗೇ ಬಂದವು ಅವಳಿಗೆ.

"ಟ್ರಾಫಿಕ್ಕು ಕಣ್ರೀ," ಎನ್ನುತ್ತಾ ಒಳಗೆ ಬಂದಳು.