ನಾಲ್ಕನೇ ಕೋಣೆಯ ಮೇಣದಬತ್ತಿಗಳು

"ಯಾರನ್ನ ಕೇಳಿ ಇದನ್ನೆಲ್ಲ ಹಚ್ಚಿದ್ರಿ?!"

ತನ್ನ ಗೆಸ್ಟ್ ಹೌಸಿನ ನಾಲ್ಕನೇ ಕೋಣೆಯ ಬಾಗಿಲಲ್ಲಿ ನಿಂತವಳಿಗೆ ಮೈಯೆಲ್ಲ ಉರಿದುಹೋಯಿತು. ಮಂಚದ ಸುತ್ತ, ಕಿಟಕಿಯ ಅಂಚಿಗೆ, ಪರದೆಯ ಬುಡಕ್ಕೆ... ಎಲ್ಲೆಲ್ಲೂ ಮಿಣುಗುವ ಮೇಣದಬತ್ತಿ! ನಡುವೆ ಅದೇ ಮನುಷ್ಯ, ಕೋಣೆ ಅಲಂಕರಿಸುವವನು, ಸಂಜೆ ಬರಲಿರುವ ಹೊಸ ಜೋಡಿಗಾಗಿ ಹೂ ಜೋಡಿಸುತ್ತಿದ್ದ.

ಹೋದ ತಿಂಗಳು ಇವನು ಹಚ್ಚಿದ ಮೇಣದಬತ್ತಿಯಿಂದಲೇ ಇದೇ ಕೋಣೆಯ ಪರದೆಗೆ ಬೆಂಕಿ ಹತ್ತಿತ್ತು. ಮೇಲಿನ ಮಹಡಿಯಲ್ಲಿ ಎದ್ದು ನಡೆಯಲಾಗದ ಅಮ್ಮ! ಇವಳೊಬ್ಬಳೇ ಬೆಂಕಿಯ ಜೊತೆ ಹೆಣಗುತ್ತಿದ್ದರೆ ಇವನು ಬಾಗಿಲು ದಾಟಿ ಓಡಿದ್ದ. ಅಂಥವನ ದಾರಿಯನ್ನೇ ದಿನಾ ಕಾಯುತ್ತಿದ್ದ ತನ್ನ ಮನಸ್ಸಿನ ಮೇಲೂ ಅವಳಿಗೆ ಕೋಪ.

ಉತ್ತರಕ್ಕೆ ಕಾಯದೆ, ನೆಲ ಒರೆಸುವ ಬಕೆಟ್ ಎತ್ತಿ ರಪ್ಪನೆ ಎರಚಿದಳು.

ಹೂಗಳು ತೊಯ್ದವು. ಅವನೂ ತೊಯ್ದ. ಮೇಣದಬತ್ತಿಗಳು ಮಾತ್ರ ಆರಲಿಲ್ಲ!

ಅವನು ಮುಖ ಒರೆಸಿಕೊಂಡು ಒಂದನ್ನು ತಲೆಕೆಳಗು ಮಾಡಿ ತೋರಿಸಿದ. ಬುಡದಲ್ಲಿ ಪುಟ್ಟ ಸ್ವಿಚ್ಚು.

"ಬ್ಯಾಟರಿದು ಮೇಡಂ. ಅವತ್ತಿಂದ ಯಾವ ಕೋಣೆಲೂ ಕಡ್ಡಿ ಗೀರಿಲ್ಲ ನಾನು. ಸ್ವಲ್ಪ ಕಣ್ಣು ಬಿಟ್ಟು ನೋಡಬಾರದಿತ್ತಾ?"

ನಾಚಿಕೆಯಾಯಿತು. ಆದರೆ ಸಿಟ್ಟು ಇಳಿಯಬೇಕಲ್ಲ!

"ಬ್ಯಾಟರಿ ತಂದ್ಬಿಟ್ರೆ ಆಯ್ತಾ? ನಮ್ಮಮ್ಮನ್ನ ಬೆಂಕಿಗೆ ಬಿಟ್ಟು ಓಡಿಹೋದೋರು ನೀವು!"

ಅವನು ಬಗ್ಗಿ ತೊಯ್ದ ಹೂಗಳನ್ನು ಆರಿಸತೊಡಗಿದ.

"ಯಾರೇ ಓಡಿಹೋಗಿದ್ದು?" ಮೇಲಿನಿಂದ ಅಮ್ಮ ಗದರಿದಳು. "ನನ್ನನ್ನ ಬೆನ್ನ ಮೇಲೆ ಹೊತ್ಕೊಂಡು ಹಿಂದಿನ ಮೆಟ್ಟಿಲು ಇಳಿಸ್ತಿದ್ದ ಕಣೇ! ಬೆಂಕಿ ಆರಿತು ಅಂತ ನೀನು ಕೂಗಿದ ಮೇಲೆ ವಾಪಸ್ ತಂದು ಮಲಗಿಸ್ದ. ಹೇಳೋಣ ಅಂತ ಬಾಯಿ ತೆಗೆದ್ರೆ ಸಾಕು, ಅವನ ಸುದ್ದಿ ಎತ್ತಬೇಡ ಅಂತ ಮೈಮೇಲೆ ಬರ್ತಿದ್ದೆ. ಅದಕ್ಕೇ ನಾನೇ ಫೋನ್ ಮಾಡಿ ಕರೆಸ್ದೆ!"

ಅವಳು ಬಕೆಟ್ ಕೆಳಗಿಟ್ಟಳು. ಅಯ್ಯೋ... ಏನೇನೆಲ್ಲ ಅಂದುಬಿಟ್ಟೆ!

"ನಿಮ್ಮ ಬಾಯಿಗೇನು ಬೀಗ ಹಾಕಿತ್ತಾ?" ಎಂದಳು ಅಳು ತಡೆಯುತ್ತ.

"ಮೇಣದಬತ್ತಿ ಹಚ್ಚಿಟ್ಟು ಹೂ ತರೋಕೆ ಹೋಗಿ, ವಾಪಸ್ ಬರೋಷ್ಟರಲ್ಲಿ ಪರದೆ ಹತ್ತಿ ಉರಿಯೋ ಹಾಗೆ ಮಾಡ್ದೋನು ನಾನೇ ಅಲ್ವಾ? ಅಮ್ಮನ್ನ ಹೊತ್ಕೊಂಡೆ ಅಂತ ಹೇಳಿ ಆ ತಪ್ಪು ಮುಚ್ಕೊಳ್ಳಲಾ?"

"ಒಂದು ತಿಂಗಳು ನಿಮ್ಮನ್ನ ಶಪಿಸಿದೀನಿ ರೀ..."

"ದಿನಾ ನೆನೆಸ್ಕೊಂಡ್ರಲ್ಲ, ಸಾಕು." ಅವನ ನಗು ಅಲ್ಲೇ ನಿಂತಿತು. "ಆದ್ರೆ ಒಂದು ನಿಜ. ಅವತ್ತು ನಿಮ್ಮನ್ನ ಬೆಂಕಿ ಹತ್ರ ಬಿಟ್ಟು ಹೋದೆ. ಮೆಟ್ಟಿಲಲ್ಲಿದ್ದಷ್ಟು ಹೊತ್ತೂ ನನ್ನ ಜೀವ ಇಲ್ಲೇ ಇತ್ತು. ಅದಕ್ಕೆ ಬೈದ್ರೆ ಬೈಸ್ಕೋತೀನಿ."

ಅವಳು ದುಪಟ್ಟಾದ ಅಂಚಿನಿಂದ ಅವನ ತೊಯ್ದ ತಲೆಯನ್ನು ಸಿಟ್ಟಿನಿಂದಲೇ ಒರೆಸತೊಡಗಿದಳು.

"ನನ್ನ ಬಿಟ್ಟು ಅಮ್ಮನ ಹತ್ರ ಓಡಿದ್ರಲ್ಲ... ಅದಕ್ಕೇ ಇನ್ಮೇಲೆ ನಿಮ್ಮನ್ನ ಎಲ್ಲಿಗೂ ಬಿಡಲ್ಲ!"

"ಜೀವನಪೂರ್ತಿನಾ?"

"ಸುಮ್ನೆ ತಲೆ ಬಗ್ಗಿಸಿ..." ಅವಳು ಅವನ ಕಿವಿಯ ಹಿಂದಿನ ನೀರನ್ನೂ ಒರೆಸಿದಳು. "ಹೂಂ. ಜೀವನಪೂರ್ತಿ."