ಮೂರು ಬೆರಳಿಗೆ ಒಗ್ಗುವ ಐರನ್

ಬಲಗೈಯನ್ನು ಪ್ಯಾಂಟಿನ ಕಿಸೆಯಿಂದ ತೆಗೆಯದೆಯೇ ಆತ ಅಂಗಡಿಯ ಮೆಟ್ಟಿಲು ಹತ್ತಿದ.

"ಮಾಲಕರು ಇಲ್ಲೇನ್ರಿ?"

"ನಾನೇ ಇದ್ದೀನಲ್ರಿ. ಹೇಳ್ರಿ, ಏನು ಬೇಕು?"

ಬೀದರಿನ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿರುವ ಆ ಎಲೆಕ್ಟ್ರಾನಿಕ್ಸ್ ಅಂಗಡಿ ಕಾಶೀನಾಥರದು. ಆದರೆ ಆರು ವರ್ಷದಿಂದ ಕೌಂಟರಿನಲ್ಲೂ ರಿಪೇರಿ ಟೇಬಲ್ಲಿನಲ್ಲೂ ಕೂರುವವಳು ಅವರ ಮಗಳು ಶೀತಲ. ಅವಳಿಗೆ ಇಪ್ಪತ್ತೇಳು. ನಾಲ್ಕು ಗಂಡಿನ ಕಡೆಯವರು ಬಂದು, ಚಾ ಕುಡಿದು, "ಮದುವಿ ಆದ ಮ್ಯಾಲ ಅಂಗಡಿ ಬಿಡಬೇಕಾಗ್ತದ" ಎಂದಿದ್ದರು. ನಾಲ್ವರನ್ನೂ ಅವಳೇ ಬೇಡವೆಂದಿದ್ದಳು.

"ಎಲ್ಲಾಕಿಂತ ಕಮ್ಮಿ ರೇಟಿನ ಸೋಲ್ಡರಿಂಗ್ ಐರನ್ ಕೊಡ್ರಿ."

"ಯಾವ ಕೆಲಸಕ್ಕರಿ? ದಪ್ಪ ವೈರಿಗೋ, ಸಣ್ಣ ಬೋರ್ಡಿಗೋ?"

"ಯಾವುದಕ್ಕಾದರೇನ್ರಿ, ಕೊಡ್ರಿ."

ಅವನ ಕಣ್ಣು ಅವಳನ್ನು ಬಿಟ್ಟು ಗೋಡೆಯ ಮೇಲಿನ ಫ್ಯಾನ್ ರೆಗ್ಯುಲೇಟರುಗಳ ಮೇಲಿತ್ತು. ಕಿಸೆಯಿಂದ ಒಂದು ಕೈ ತೆಗೆಯಲೂ ಇಷ್ಟು ಜಂಬವೇ ಎಂದುಕೊಂಡಳು ಶೀತಲ. ವೈರು, ಬೋರ್ಡು ಬೆಸೆಯುವ, ನೂರಾ ಅರವತ್ತು ರೂಪಾಯಿಯ ಐರನ್ ಮುಂದಿಟ್ಟಳು. ಎಡಗೈಯಲ್ಲೇ ದುಡ್ಡು ಕೊಟ್ಟು, ಎಡಗೈಯಲ್ಲೇ ಪೊಟ್ಟಣ ತೆಗೆದುಕೊಂಡು ಹೊರಟುಹೋದ.

ನಾಲ್ಕನೇ ದಿನ ಮತ್ತೆ ಬಂದ. ಐರನ್ನಿನ ತುದಿ ಕಾಡಿಗೆಯಂತೆ ಕಪ್ಪಾಗಿತ್ತು.

"ಎಂಥಾ ಮಾಲು ಕೊಟ್ಟೀರಿ ಮೇಡಂ? ಸೋಲ್ಡರ್ ಹಿಡಿಯೋದೇ ಇಲ್ಲ. ಬೋರ್ಡ್ ಸುಟ್ಟುಹೋಯ್ತು."

"ಕಾದ ತುದಿ ಒದ್ದಿ ಸ್ಪಂಜಿಗಿ ಒರಸಿದ್ರೇನು? ಒರಸಿ ಸೋಲ್ಡರ್ ಹಚ್ಚಿಟ್ರೇನು?" ಶೀತಲಳಿಗೂ ಸಿಟ್ಟು ಬಂತು. "ಇದು ಒಂದೇ ಕೈಲೆ ಆಗೋ ಕೆಲಸ ಅಲ್ರಿ. ಮೊದಲು ಆ ಕೈ ಕಿಸೆದಿಂದ ಹೊರಗ ತಗೀರಿ!"

ಆತ ಕೈ ತೆಗೆದು ಕೌಂಟರಿನ ಗಾಜಿನ ಮೇಲಿಟ್ಟ.

ತೋರುಬೆರಳು, ನಡುಬೆರಳು ಎರಡೂ ಬುಡದ ಗೆಣ್ಣಿನವರೆಗೆ ಇರಲಿಲ್ಲ.

"ಇಲ್ಲೇ ಬೀದರ ಬಾಜೂಕ ಕೊಳಾರದಾಗ ಫ್ಯಾಕ್ಟರಿ ಪ್ರೆಸ್ಸಿನ ಮ್ಯಾಲ ಇದ್ದೆ," ಎಂದ ಮೆಲ್ಲಗೆ. "ಹ್ವಾದ ವರ್ಷ ಹೋದವು. ಈಗ ಔರಾದದಾಗ ಇದ್ದೀನಿ. ನಮ್ಮ ಕಡಿ ಕುರಿಯವರ ಬ್ಯಾಟರಿ ಲೈಟು, ರೈತರ ಸ್ಪ್ರೇ ಪಂಪು ಭಾಳ ಕೆಡ್ತಾವ. ರಿಪೇರಿ ಕಲಿಬೇಕಂತ ಮಾಡೀನಿ."

ಅಯ್ಯೋ ಎನ್ನಲಿಲ್ಲ ಅವಳು. ಮುಖ ಮಾತ್ರ ಕಿವಿಯವರೆಗೆ ಕೆಂಪಾಯಿತು. ಹೆಸರು ಕೇಳಿದಳು. ವೈಜಿನಾಥ ಎಂದ.

"ವೈಜಿನಾಥ ಅವರ, ತಪ್ಪು ನಂದೇ. ಕೈ ನೋಡದೇ ಐರನ್ ಕೊಟ್ಟೀನಿ. ಒಂದು ವಾರ ಟೈಮ್ ಕೊಡ್ರಿ."

"ಐರನ್ ಆರಿಸ್ಲಿಕ್ಕ ಒಂದು ವಾರಾ?"

"ಸೀರಿ ಆರಿಸ್ಲಿಕ್ಕ ಒಂದು ದಿನ ಹಿಡೀತದ. ಇದು ದಿನಾ ದುಡಿಯೋದಲ್ರಿ?"

ಅವನ ತುಟಿಯ ಒಂದು ಮೂಲೆ ಮೊದಲ ಸಲ ಸಡಿಲಾಯಿತು. ಅದನ್ನು ಅವಳು ನೋಡಿದ್ದನ್ನು ಅವನೂ ನೋಡಿದ.

ಆ ವಾರವೆಲ್ಲ ಶೀತಲ ತನ್ನ ಬಲಗೈಯ ಎರಡು ಬೆರಳನ್ನು ಮಡಚಿ, ಟೇಪು ಸುತ್ತಿಕೊಂಡು ಕೆಲಸ ಮಾಡಿದಳು. ಹೆಬ್ಬೆರಳು ಮತ್ತು ಉಂಗುರದ ಬೆರಳಿನ ನಡುವೆ ಒಂದೊಂದೇ ಐರನ್ ಹಿಡಿದು ನೋಡಿದಳು. ದಪ್ಪ ಹಿಡಿಕೆಯದು ಹತ್ತೇ ನಿಮಿಷಕ್ಕೆ ಜಾರಿತು. ಹಿಡಿಕೆಯಿಂದ ತುದಿ ದೂರವಿದ್ದರೆ ಕೈ ನಡುಗಿದ್ದು ತುದಿಯಲ್ಲಿ ಎರಡರಷ್ಟಾಗುತ್ತಿತ್ತು. ಇನ್ನೊಂದರ ವೈರು ಬಿರುಸು, ಮಣಿಕಟ್ಟನ್ನೇ ಹಿಂದಕ್ಕೆ ಎಳೆಯುತ್ತಿತ್ತು. ಹೈದರಾಬಾದಿನಿಂದ ಬಂದ ಒಂದು ಎಲ್ಲ ರೀತಿಯಿಂದಲೂ ಚೆನ್ನಾಗಿತ್ತು, ಆದರೆ ಬೆಲೆ ಮೂರು ಸಾವಿರ. ಜೊತೆಗೆ ಅದರ ತುದಿ ಸವೆದರೆ ಬೇರೆಯದು ಬೀದರಿನಲ್ಲಿ ಸಿಗುತ್ತಿರಲಿಲ್ಲ.

ಮುಂದಿನ ವಾರ ಅವನ ಮುಂದೆ ಒಂದೇ ಒಂದನ್ನು ಇಟ್ಟಳು. ಪೆನ್ನಿನಷ್ಟು ಸಣ್ಣ ಹಿಡಿಕೆ, ಗಿಡ್ಡ ಮೂತಿ, ಮೆತ್ತನೆಯ ವೈರು, ಶಾಖ ಹೆಚ್ಚುಕಡಿಮೆ ಮಾಡಲು ಸಣ್ಣ ತಿರುಗಣೆ.

"ಆರುನೂರಾ ಐವತ್ತು. ತುದಿ ಸವೆದ್ರ ನಲವತ್ತು ರೂಪಾಯಿದಾಗ ಹೊಸಾದು ಸಿಗ್ತದ. ಹಿಡೀರಿ."

ಹಿಡಿದ. ಅವಳು ಅವನ ಹೆಬ್ಬೆರಳನ್ನು ಒಂದು ಕಾಳಿನಷ್ಟು ಮುಂದಕ್ಕೆ ಸರಿಸಿದಳು. ಕಲಿಯಲೆಂದು ಮುಂದಿಟ್ಟಿದ್ದ ಹಳೆಯ ಬೋರ್ಡು ಇಬ್ಬರಿಗೂ ಕೆಲಹೊತ್ತು ಕಾಣಲಿಲ್ಲ.

"ಕಾದಿಲ್ಲಲ್ರಿ ಇನ್ನೂ?" ಎಂದ ಅವನು.

"ಸ್ವಿಚ್ಚೇ ಹಾಕಿಲ್ರಿ," ಎಂದು ಅವಳು ಬೇರೆ ಕಡೆ ತಿರುಗಿಕೊಂಡು ನಕ್ಕಳು.

ಗುರುವಾರಗಳಂದು ಅವಳು ಭಾಲ್ಕಿಯ ಎರಡು ಅಂಗಡಿಗಳಿಗೆ ಮಾಲು ಕೊಡಲು ಹೋಗುತ್ತಿದ್ದಳು. ರಿಪೇರಿ ಮಾಡಿದ್ದನ್ನು ಅಲ್ಲಿಗೇ ತಂದು ತೋರಿಸುವುದಾಗಿ ವೈಜಿನಾಥ ಹೇಳಿದ. ಬಸ್‌ಸ್ಟ್ಯಾಂಡಿನೆದುರು ಹೋಟೆಲೊಂದರ ಮೂಲೆಯ ಟೇಬಲ್ಲು ಅವರದಾಯಿತು. ಅವನು ಕುರಿಗಾರರ ಬ್ಯಾಟರಿಗಳ ಬೋರ್ಡು ಬಿಚ್ಚಿಡುತ್ತಿದ್ದ. ಅವಳು ಭೂತಗಾಜು ಹಿಡಿದು ಬಗ್ಗುತ್ತಿದ್ದಳು.

"ಈ ಸೋಲ್ಡರ್ ಹಿಡದಿಲ್ಲ. ಮ್ಯಾಲಷ್ಟೇ ಕುಂತದ."

"ಛಲೋ ಕಾಣ್ತದಲ್ರಿ ಮೇಡಂ?"

"ಛಲೋ ಕಂಡ್ರ ಸಾಕೇನ್ರಿ? ಗಟ್ಟಿ ಇರಬೇಕು."

"ನೀವು ಮಂದಿಗೂ ಹಿಂಗೇ ಭೂತಗಾಜು ಹಿಡೀತೀರೇನು?"

"ಹಿಡೀತೇನಿ," ಎಂದು ಅವಳು ಗಾಜನ್ನು ಎತ್ತಿ ಅವನ ಮುಖದ ಮುಂದೆ ಹಿಡಿದಳು. ಗಾಜಿನಲ್ಲಿ ಅವನ ಒಂದು ಕಣ್ಣು ಇಷ್ಟಗಲವಾಗಿ ಕಂಡಿತು. ಆ ಕಣ್ಣು ಮಿಟುಕಲಿಲ್ಲ. ಗಾಜು ಕೆಳಗಿಟ್ಟು ಅವಳು ತಣ್ಣಗಾಗಿದ್ದ ಚಾ ಒಂದೇ ಗುಟುಕಿಗೆ ಕುಡಿದಳು.

ಎರಡು ತಿಂಗಳಲ್ಲಿ ಅವನ ಬೆಸುಗೆಗಳು ಸಣ್ಣಗೆ, ಹೊಳಪಾಗಿ ಕೂರತೊಡಗಿದವು. ಔರಾದದ ಮನೆಯ ಪಡಸಾಲೆಯಲ್ಲಿ ಟೇಬಲ್ಲು ಹಾಕಿದ. ಜನ ಬರತೊಡಗಿದರು.

ಒಂದು ಶನಿವಾರ ಅವನು ಸೋಲ್ಡರ್ ತಂತಿ ಕೊಳ್ಳಲು ಬೀದರಿಗೆ ಬಂದಾಗ ಶೀತಲ ಅಂಗಡಿಯಲ್ಲಿರಲಿಲ್ಲ. ಕಾಶೀನಾಥರು ಅವನನ್ನು ಕೂರಿಸಿ, ಅಭಿಮಾನದಿಂದಲೇ ಹೇಳಿದರು.

"ನಮ್ಮ ಪೋರಿ ನಿಮ್ಮ ಸಲುವಾಗಿ ಒಂದು ವಾರ ಪೂರಾ ಎರಡು ಬೆರಳಿಗಿ ಟೇಪ್ ಸುತ್ತಕೊಂಡು ಕುಂತಿದ್ಲು ನೋಡ್ರಿ. ಊಟಾನೂ ಹಂಗೇ ಮಾಡ್ತಿದ್ಲು. ಪಾಪ ಅನಿಸಿರಬೇಕು."

ಆ ಕೊನೆಯ ಮಾತು ಅವನಿಗೆ ನಾಟಿತು. ತಂತಿಯನ್ನೂ ಕೊಳ್ಳದೆ ಎದ್ದುಹೋದ. ಹಿಂದಿನ ವರ್ಷ ಬೆರಳು ಹೋದ ಮೇಲೆ, ಗೊತ್ತಾಗಿದ್ದ ಅವನ ಮದುವೆಯನ್ನು ಮುರಿದು ಹೋದವರೂ "ಪಾಪ" ಎಂದೇ ಹೋಗಿದ್ದರು.

ಮುಂದಿನ ಗುರುವಾರ ಭಾಲ್ಕಿಗೆ ಅವನು ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಅಪ್ಪನನ್ನು ಕೇಳಿದಾಗ ಶೀತಲಳಿಗೆ ಅವರು ಆಡಿದ ಮಾತು ತಿಳಿಯಿತು. ಮರುದಿನ ಬೆಳಿಗ್ಗೆ ಅವಳು ಔರಾದ ಬಸ್ಸು ಹತ್ತಿದಳು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಅವನ ತಾಯಿ ಪುತಳಾಬಾಯಿ ಕುರಿಮರಿಗೆ ಬಾಟಲಿಯಿಂದ ಹಾಲು ಕುಡಿಸುತ್ತಿದ್ದಳು.

"ಯಾರವ್ವಾ?"

"ಬೀದರದಿಂದ ಬಂದೀನ್ರಿ. ಐರನ್ ಅಂಗಡಿಯಾಕಿ."

ಪುತಳಾಬಾಯಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮರಿಯನ್ನು ಎತ್ತಿಕೊಂಡು, "ಒಳಗ ಅದಾನ. ಹೋಗು, ಜರಾ ಜೋರಾಗೇ ಬೈ," ಎಂದು ಹಿತ್ತಲಿಗೆ ನಡೆದಳು.

ವೈಜಿನಾಥ ಟೇಬಲ್ಲಿನಿಂದ ಎದ್ದು ನಿಂತ.

"ನನಗ ಕನಿಕರ ಬ್ಯಾಡ್ರಿ, ಮೇಡಂ."

"ಯಾರು ಕೊಟ್ಟಾರ? ಕನಿಕರ ಇದ್ದಿದ್ರ ಐರನ್ ಪುಕ್ಕಟ ಕೊಡ್ತಿದ್ದೆ. ಆರುನೂರಾ ಐವತ್ತು ಎಣಿಸಿ ತಗೊಂಡಿಲ್ಲೇನು?"

ಅವನ ಕಣ್ಣು ಟೇಬಲ್ಲಿನ ಮೇಲಿದ್ದ ಅದೇ ಐರನ್ನಿನ ಕಡೆ ಹೋಯಿತು.

"ತಪ್ಪು ಮಾಲು ಕೊಟ್ಟಿದ್ದೆ, ಅದನ್ನ ಸರಿ ಮಾಡ್ಬೇಕಿತ್ತು. ಅದರ ಸಲುವಾಗಿ ಟೇಪ್ ಸುತ್ತಿದೆ. ಅದು ನನ್ನ ಕೆಲಸ." ಅವಳ ದನಿ ಸಣ್ಣಗಾಯಿತು. "ಗುರುವಾರ ಭಾಲ್ಕಿಗಿ ಬಂದಿದ್ದು ಕೆಲಸ ಅಲ್ರಿ. ಭಾಲ್ಕಿಯವರು ಮಾಲು ತಗೊಳ್ಳೋದು ಬಿಟ್ಟು ಒಂದು ತಿಂಗಳಾಯ್ತು. ಖಾಲಿ ಚೀಲ ಹಿಡಕೊಂಡು ಬರ್ತಿದ್ದೆ."

ವೈಜಿನಾಥ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡ.

"ನಾ ತಂದಿದ್ದೂ ಎಲ್ಲಾ ಕೆಟ್ಟ ಬ್ಯಾಟರಿ ಅಲ್ರಿ."

"ಅಂದ್ರ?"

"ರಿಪೇರಿ ಇರದ ವಾರ ಕುರಿ ಕಾಯೋ ನಮ್ಮಣ್ಣನ ಛಲೋ ಬ್ಯಾಟರಿನೇ ಬಿಚ್ಚಿ ತರ್ತಿದ್ದೆ. ಆತ ಮೂರು ಸಲ ಕತ್ತಲಾಗ ಕುರಿ ಹುಡುಕ್ಯಾನ."

ಶೀತಲ ನಗಲು ಹೋದಳು, ಕಣ್ಣು ತುಂಬಿ ಬಂತು. ಎರಡೂ ಒಟ್ಟಿಗೇ ಆದವು.

"ಮತ್ತ ಬಾಯಿಬಿಟ್ಟು ಹೇಳ್ಲಿಕ್ಕ ಏನಾಗಿತ್ರಿ?"

"ಧೈರ್ಯ ಇರಲಿಲ್ಲ. ಈಗೂ ಇಲ್ಲ. ಆದರೂ ಹೇಳ್ತೇನಿ. ನಿಮ್ಮ ಬಿಟ್ಟು ನನಗ ಆಗಂಗಿಲ್ಲ, ಶೀತಲ."

ಮೇಡಂ ಎನ್ನಲಿಲ್ಲ ಎಂಬುದನ್ನು ಅವಳು ಗಮನಿಸಿದಳು. ಹಿತ್ತಲಿನಲ್ಲಿ ಪುತಳಾಬಾಯಿ ಯಾರನ್ನೂ ಉದ್ದೇಶಿಸದೆ ಒಮ್ಮೆ ಕೆಮ್ಮಿದಳು.

ಭಾನುವಾರ ತಾಯಿ ಮಗ ಇಬ್ಬರೂ ಬೀದರಿಗೆ ಬಂದರು. ಕಾಶೀನಾಥರು ಅವರನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರಿಸಿ, ಚಾ ತರಿಸಿ, ಗಂಟಲು ಸರಿಪಡಿಸಿಕೊಂಡರು.

"ಮೊದಲೇ ಹೇಳ್ತೇನಿ ತಮ್ಮಾ. ಬಂದವರೆಲ್ಲಾ ಆಕಿ ಅಂಗಡಿ ಬಿಡಬೇಕಂದ್ರು. ನೀವೇನಂತೀರಿ?"

"ಅಂಗಡಿ ಅವರದು, ಅವರೇ ನಡೆಸ್ತಾರ್ರಿ. ನಾ ಔರಾದದ ಟೇಬಲ್ ಬೀದರಿಗಿ ತರ್ತೇನಿ. ವಾರದಾಗ ಎರಡು ದಿನ ಔರಾದಕ್ಕ ಹೋಗಿ ರಿಪೇರಿ ತಗೊಂಡು ಬರ್ತೇನಿ. ಆಯಿಗೂ ಒಪ್ಪಿಗಿ ಅದ," ಎಂದು ವೈಜಿನಾಥ ತಾಯಿಯ ಕಡೆ ನೋಡಿದ.

"ಎರಡು ದಿನ ಬಂದ್ರ ಸಾಕು," ಎಂದಳು ಪುತಳಾಬಾಯಿ. "ದಿನಾ ಇವನ ಸಪ್ಪ ಮಾರಿ ನೋಡಿ ನನಗೂ ಸಾಕಾಗ್ಯಾದ."

ಕಾಶೀನಾಥರು ನಕ್ಕರು. ಬಾಗಿಲ ಕಡೆ ತಿರುಗಿ ಕೂಗಿದರು.

"ಶೀತಲಾ, ಎಲ್ಲಾ ಕೇಳಿದೆಲ್ಲ? ನೀ ಏನಂತಿ?"

"ಒಂದು ನಿಮಿಷ ಅಪ್ಪಾ, ಗಿರಾಕಿ ನಿಂತಾರ."

ಕೋಣೆಯಲ್ಲಿ ಮೂವರೂ ಕಾದರು. ಹೊರಗೆ ಯಾರೋ ಮಿಕ್ಸಿಯ ಸ್ವಿಚ್ಚಿಗೆ ಚೌಕಾಶಿ ಮಾಡುತ್ತಿದ್ದರು. ಶೀತಲ ಐದು ರೂಪಾಯಿಯನ್ನೂ ಬಿಡಲಿಲ್ಲ. ಗಿರಾಕಿ ಹೋದ ಮೇಲೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು. ವೈಜಿನಾಥನನ್ನು ನೋಡಿದಳು. ಅವನು ಉಸಿರು ಹಿಡಿದು ಕೂತಿದ್ದ.

"ಹೂಂ ಅಂತೇನಿ," ಎಂದಳು.