ಹೊಡೆದುಹಾಕಿದ ಒಂದು ಪದ

"ಐ ಗೇವ್ ದಿ ಎಕ್ಸಾಮ್ ಟ್ವೈಸ್" ಎಂದು ದ್ರಾಕ್ಷಾಯಿಣಿ ಹೇಳಿದ್ದೇ ತಡ, ಎದುರು ಕೂತಿದ್ದ ಹೃಷಿಕೇಶ್ ನಕ್ಕುಬಿಟ್ಟ.

ಅವಳ ಮುಖ ಕೆಂಪಾಯಿತು. ಐರ್ಲೆಂಡಿನ ಲಿಮೆರಿಕ್‌ನ ಲೈಬ್ರರಿಯಲ್ಲಿ ಶನಿವಾರ ಬೆಳಗ್ಗೆ ಕನ್ನಡ ಬಳಗದವರೊಬ್ಬರು ಇಂಗ್ಲಿಷ್ ಹೇಳಿಕೊಡುತ್ತಾರೆಂದು ಕೇಳಿ, ಎರಡು ಬಸ್ಸು ಬದಲಿಸಿ ಬಂದಿದ್ದಳು. ತಿಪಟೂರಿನಲ್ಲಿ ಆರು ವರ್ಷ ನರ್ಸ್ ಆಗಿದ್ದವಳು ಇಲ್ಲಿ ನರ್ಸಿಂಗ್ ಹೋಮಿನಲ್ಲಿ ವೃದ್ಧರನ್ನು ನೋಡಿಕೊಳ್ಳುವ ಕೇರರ್. ಮತ್ತೆ ನರ್ಸ್ ಆಗಬೇಕೆಂದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಮಾತಿನಲ್ಲಿ ತೊಂದರೆಯಿಲ್ಲ, ಬರವಣಿಗೆಯಲ್ಲಿ ಎರಡು ಸಲವೂ ಕೂದಲೆಳೆಯಷ್ಟರಲ್ಲಿ ಫೇಲು. ಅದನ್ನು ಹೇಳಿಕೊಂಡರೆ ನಗುವುದೇ?

ಬ್ಯಾಗ್ ಎತ್ತಿಕೊಂಡು ಹೊರಟಳು. ಅವನು ಬಾಗಿಲ ತನಕ ಓಡಿಬಂದ.

"ಸಾರಿ ರೀ. ನೀವು ಫೇಲಾಗಿದ್ದಕ್ಕಲ್ಲ ನಕ್ಕಿದ್ದು. ಇಲ್ಲಿ ಎಕ್ಸಾಮ್ 'ಗಿವ್' ಮಾಡೋರು ಮೇಷ್ಟ್ರು. ನಮ್ಮಂಥೋರು 'ಸಿಟ್' ಮಾಡ್ತಾರೆ. ನಾನೂ ಬಂದ ಹೊಸದ್ರಲ್ಲಿ ಹಿಂಗೇ ಹೇಳಿ ಆಫೀಸನ್ನೆಲ್ಲ ನಗಿಸಿದ್ದೆ."

"ಸಿಟ್ ಅಂದ್ರೆ?"

"ಪರೀಕ್ಷೆಗೆ ಕೂತ್ಕೊತೀವಲ್ಲ, ಅದೇ."

"ಹಂಗಾದ್ರೆ ನಮ್ ಕನ್ನಡಾನೇ ಸರಿಯಾಗೈತೆ!" ಅವಳಿಗೂ ನಗು ಬಂತು. ತಡೆದುಕೊಂಡಳು. "ಅದನ್ನ ನಗದೇನೂ ಹೇಳ್ಬೋದಿತ್ತು."

"ಮುಂದಿನ ವಾರದಿಂದ ನಗಲ್ಲ" ಎಂದ. ಹಾಗೆನ್ನುವಾಗಲೂ ಅವನ ಕಣ್ಣು ನಗುತ್ತಲೇ ಇತ್ತು.

ಮುಂದಿನ ವಾರ ಬಂದಳು. ಅದರ ಮುಂದಿನ ವಾರವೂ. ಹೋಮ್‌ವರ್ಕ್ 'ಡೂ' ಮಾಡಬೇಕು, 'ಮೇಕ್' ಅಲ್ಲ. ನೋಟ್ಸ್ 'ಟೇಕ್'. ಪ್ರೋಗ್ರೆಸ್ ಮಾತ್ರ 'ಮೇಕ್'. ಯಾವ ಪದಕ್ಕೆ ಯಾವುದು ಜೋಡಿ ಎಂಬುದಕ್ಕೆ ತಲೆಬುಡವಿಲ್ಲ ಎಂದು ಅವಳು ಗೊಣಗುತ್ತಿದ್ದಳು.

"ಪೇ ಅಟೆನ್ಷನ್" ಎಂದು ಒಂದು ದಿನ ಓದಿದಳು. "ಗಮನ ಕೊಡೋದು. ಅಲ್ವಾ ಸರ್?"

ತಲೆಯೆತ್ತಿದರೆ ಅವನು ಅವಳ ಕಿವಿಯ ಓಲೆಯನ್ನೇ ನೋಡುತ್ತಿದ್ದ.

"ನೀವು ಪುಸ್ತಕಕ್ಕೆ ಕೊಡ್ತಿಲ್ಲ, ಸರ್."

"ಇಲ್ಲ, ಕೊಟ್ಟೆ... ಈಗ ಕೊಡ್ತೀನಿ" ಎಂದು ತಡವರಿಸಿ, ಪುಟವನ್ನು ಎರಡು ಸಲ ತಿರುವಿದ. ಬಸ್ಸಿನಲ್ಲಿ ಮನೆ ತಲುಪುವ ತನಕ ಅವಳ ಕೈ ಮತ್ತೆ ಮತ್ತೆ ಓಲೆಗೆ ಹೋಗುತ್ತಿತ್ತು.

ಹೀಗೆ ಐದು ತಿಂಗಳು. ಪರೀಕ್ಷೆಗೆ ಎರಡು ವಾರವಿದ್ದಾಗ ಅವನು 'ಡ್ರಾಪ್ ಔಟ್' ಎಂದು ಬರೆದು, ವಾಕ್ಯ ಮಾಡಲು ಹೇಳಿದ. ಬಳಗದವರಿಂದ ಕೇಳಿದ್ದನ್ನೇ ಅವಳು ತುಂಟತನದಿಂದ ಬರೆದಳು: 'ಹೃಷಿಕೇಶ್ ಡಿಡ್ ನಾಟ್ ಡ್ರಾಪ್ ಔಟ್. ಹೀ ಹ್ಯಾಸ್ ಎ ಮಾಸ್ಟರ್ಸ್ ಡಿಗ್ರಿ.'

ಅವನು ಬಹಳ ಹೊತ್ತು ಆ ಸಾಲನ್ನು ನೋಡಿದ. ಆಮೇಲೆ ಪೆನ್ನು ತೆಗೆದು 'ನಾಟ್' ಎಂಬುದನ್ನು ಹೊಡೆದುಹಾಕಿದ.

"ಗ್ರಾಮರ್ ತಪ್ಪಾ?"

"ಗ್ರಾಮರ್ ಸರಿ ಇದೆ. ವಿಷಯ ತಪ್ಪು."

ಎಲೆಕ್ಟ್ರಾನಿಕ್ಸ್ ಕಂಪನಿಯ ಕೆಲಸದ ಜೊತೆಗೆ ಪಾರ್ಟ್‌ಟೈಮ್ ಮಾಸ್ಟರ್ಸ್‌ಗೆ ಸೇರಿದ್ದನಂತೆ. ಎರಡನೇ ವರ್ಷದಲ್ಲಿ ಪಾಠಗಳಲ್ಲಿ ಹಿಂದೆ ಬಿದ್ದ, ಬಿಟ್ಟ. ಹಾಸನದಲ್ಲಿ ಹೆಡ್‌ಮಿಸ್ಟ್ರೆಸ್ ಆಗಿರುವ ತಾಯಿ ಜಯಮಾಲಾ ಅಷ್ಟರಲ್ಲಿ ಮಗ ಮಾಸ್ಟರ್ಸ್ ಮಾಡುತ್ತಿದ್ದಾನೆಂದು ಶಾಲೆಗೆಲ್ಲ ಹೇಳಿಯಾಗಿತ್ತು. ಮೂರು ವರ್ಷವಾದರೂ ಅವರಿಗೆ ನಿಜ ಹೇಳಲು ಅವನಿಗೆ ಬಾಯಿ ಬಂದಿರಲಿಲ್ಲ. ಬಳಗದವರಿಗೂ ಹೇಳಲಿಲ್ಲ.

"ನಾನು ಫೇಲಾಗಿದ್ದನ್ನ ಮೊದಲನೇ ದಿನಾನೇ ಹೇಳ್ದೆ" ಎಂದಳು ದ್ರಾಕ್ಷಾಯಿಣಿ. "ನೀವು ಐದು ತಿಂಗಳು ನನ್ನ ತಪ್ಪು ಮಾತ್ರ ತಿದ್ದಿದ್ರಿ."

"ನಿಮ್ಮ ಕಣ್ಣಲ್ಲಿ ಸಣ್ಣವನಾಗ್ತೀನಿ ಅಂತ ಭಯ ಆಯ್ತು."

"ಡಿಗ್ರಿ ನೋಡೋಕೆ ಬರ್ತಿದ್ನಾ ನಾನಿಲ್ಲಿಗೆ?"

ಅಂದುಬಿಟ್ಟ ಮೇಲೆ ತಾನೇನಂದೆ ಎಂಬುದು ಅವಳಿಗೆ ಹೊಳೆಯಿತು. ಅವನಿಗೂ ಹೊಳೆಯಿತು. ಅವಳು ತಿರುಗಿ ನೋಡದೆ ಹೊರಟುಹೋದಳು.

ಮುಂದಿನ ಶನಿವಾರ ಹೋಗಲಿಲ್ಲ. ಕಾರ್ಕ್ ನಗರಕ್ಕೆ ಒಬ್ಬಳೇ ಹೋಗಿ ಪರೀಕ್ಷೆಗೆ ಕೂತಳು. ಬರೆಯುತ್ತಾ ಒಂದು ಕಡೆ ತಪ್ಪಿ, ಗೆರೆ ಎಳೆದಾಗ ಅವಳ ಕೈ ನಿಂತಿತು. ಆ 'ನಾಟ್' ಅನ್ನು ಅವನು ಹಾಗೇ ಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಕೇಳಿಯೂ ಇರಲಿಲ್ಲ, ಅವನೇ ಹೊಡೆದುಹಾಕಿದ. ಎಷ್ಟು ಕಷ್ಟವಾಗಿರಬೇಕು. ಸಿಟ್ಟು ಅಲ್ಲೇ, ಆ ಮೇಜಿನ ಮೇಲೇ ಕರಗಿತು.

ಫಲಿತಾಂಶ ಬಂದ ಶನಿವಾರ ಅವಳು ಲೈಬ್ರರಿಗೆ ಹೋದಾಗ ಅವನು ಹತ್ತಿರದ ಶಾನನ್ ನದಿಯ ದಂಡೆಯಲ್ಲಿ ಬೆಂಚಿನ ಮೇಲಿದ್ದ. ಗಡ್ಡ ಬೆಳೆದಿತ್ತು.

"ಪಾಸ್" ಎಂದಳು.

ಅವನು ಎದ್ದು ನಿಂತು ಅವಳನ್ನೇ ನೋಡಿದ. ಕಣ್ಣು ತುಂಬಿತ್ತು.

"ಈಗ ನೀವು. ಅಮ್ಮಂಗೆ ಫೋನ್ ಮಾಡಿ. ನಾನು ಪಕ್ಕದಲ್ಲೇ ಕೂತಿರ್ತೀನಿ."

ಅವನು ಮಾಡಿದ. ಸ್ಪೀಕರ್ ಹಾಕಿ, ತಡೆತಡೆದು, ಎಲ್ಲವನ್ನೂ ಹೇಳಿದ.

"ಬೇಜಾರಾಯ್ತು ಕಣೋ" ಎಂದರು ಜಯಮಾಲಾ. "ಓದು ಬಿಟ್ಟಿದ್ದಕ್ಕಲ್ಲ. ಮೂರು ವರ್ಷ ಒಬ್ಬನೇ ಹೊತ್ಕೊಂಡಿದ್ಯಲ್ಲ, ಅದಕ್ಕೆ." ಮೂಗು ಒರೆಸಿಕೊಂಡ ಸದ್ದು. "ಇವತ್ತೆಲ್ಲಿಂದ ಬಂತು ಧೈರ್ಯ? ಪಕ್ಕದಲ್ಲಿ ಯಾರಿದಾರೆ?"

ಅವನು ದ್ರಾಕ್ಷಾಯಿಣಿಯತ್ತ ನೋಡಿದ. ಅವಳೇ ಫೋನ್ ತೆಗೆದುಕೊಂಡಳು.

"ನಮಸ್ಕಾರ ಅಮ್ಮಾ. ನಾನು ದ್ರಾಕ್ಷಾಯಿಣಿ, ತಿಪಟೂರಿನೋಳು. ಇವ್ರತ್ರ ಇಂಗ್ಲಿಷ್ ಕಲ್ತು ಇವತ್ತು ಪಾಸಾದೆ. ಇನ್ನೊಂದು ವಿಷ್ಯ ಐತೆ, ಇವ್ರಿಗೇ ಇನ್ನೂ ಹೇಳಿಲ್ಲ." ಉಸಿರೆಳೆದುಕೊಂಡಳು. "ನಂಗೆ ಇವ್ರು ತುಂಬಾ ಇಷ್ಟ."

"ಅವನೇನಂದ?"

"ಇನ್ನೂ ಬಾಯೇ ಬಿಟ್ಟಿಲ್ಲಮ್ಮಾ."

"ಮತ್ತೆ ನಾನ್ಯಾಕವ್ವಾ ನಿಮ್ಮ ಮಧ್ಯೆ?" ಎಂದು ನಗುತ್ತಾ ಜಯಮಾಲಾ ಫೋನ್ ಇಟ್ಟುಬಿಟ್ಟರು.